ನೌಕರನ ಖರ್ಚಿಗೆ ಲೆಕ್ಕವಿಲ್ಲವೆ?

ನೌಕರನ ಸಂಬಳ ಕೈಸೇರುವ ಮೊದಲೇ ವರಮಾನ ತೆರಿಗೆ ಮುರಿದಿರುತ್ತದೆ. ಅಂಗಡಿಯವನಾದರೋ ಬಾಡಿಗೆ, ವಿದ್ಯುತ್, ಆಳುಗಳ ಕೂಲಿ ಕಳೆದು ಉಳಿದ ಲಾಭಕ್ಕಷ್ಟೇ ತೆರಿಗೆ ಕಟ್ಟುತ್ತಾನೆ. ಇದು ನ್ಯಾಯವೆ?

1857ರ ದಂಗೆಯಿಂದ ಬರಿದಾದ ಬೊಕ್ಕಸ ತುಂಬಲು ಜೇಮ್ಸ್ ವಿಲ್ಸನ್ 1860ರಲ್ಲಿ ಭಾರತಕ್ಕೆ ಈ ತೆರಿಗೆಯನ್ನು ತಂದರು. ಗಳಿಕೆಗಾಗಿ ಮಾಡಿದ ಖರ್ಚನ್ನು ಕಳೆಯಬೇಕೆಂಬ ತತ್ವ ವ್ಯಾಪಾರಿಗೆ ಸುಲಭವಾಗಿ ಒಗ್ಗಿತು. ನೌಕರನ ಓಡಾಟ, ಪುಸ್ತಕಗಳ ಖರ್ಚನ್ನು ಅಳೆಯುವುದು ಕಷ್ಟ. 1974ರ ಹಣಕಾಸು ಕಾಯ್ದೆ ಇಂಥ ಬಿಡಿ ರಿಯಾಯಿತಿಗಳನ್ನು ಒಟ್ಟುಗೂಡಿಸಿ, ರಸೀದಿ ಕೇಳದ ‘ಸ್ಟ್ಯಾಂಡರ್ಡ್ ಡಿಡಕ್ಷನ್’ ನೀಡಿತು. 2005ರ ಬಜೆಟ್ ಅದನ್ನು ಕೈಬಿಟ್ಟಿತು. 2018ರಲ್ಲಿ ಅದು 40,000 ರೂಪಾಯಿಯಾಗಿ ಮರಳಿತು. ಬದಲಿಗೆ ಪ್ರಯಾಣ ಭತ್ಯೆ, ವೈದ್ಯಕೀಯ ವೆಚ್ಚದ ವಿನಾಯಿತಿಗಳು ಹೋದವು.

ಆ ವರ್ಷದ ಬಜೆಟ್ ಭಾಷಣದಲ್ಲಿ ಅರುಣ್ ಜೇಟ್ಲಿ ಕೊಟ್ಟ, 2016-17ರ ತೆರಿಗೆ ನಿರ್ಧಾರಣಾ ವರ್ಷದ ಅಂಕಿಗಳನ್ನು ನೋಡಿ: 1.89 ಕೋಟಿ ಸಂಬಳದಾರರು ಸರಾಸರಿ 76,306 ರೂಪಾಯಿ ಕಟ್ಟಿದರೆ, 1.88 ಕೋಟಿ ವ್ಯಾಪಾರಿಗಳು ಹಾಗೂ ವೃತ್ತಿನಿರತರು ಕಟ್ಟಿದ್ದು 25,753 ರೂಪಾಯಿ.

ಈ ಅಂತರವೆಲ್ಲ ತೆರಿಗೆಗಳ್ಳತನವೆನ್ನಲಾಗದು. ಅಂಗಡಿಯವನಿಗೆ ನಷ್ಟದ ವರ್ಷಗಳೂ ಉಂಟು. ಸಂಬಳಸಹಿತ ರಜೆಯಿಲ್ಲ, ಮಾಲೀಕರು ಪಾಲು ಹಾಕುವ ಭವಿಷ್ಯನಿಧಿಯಿಲ್ಲ. 2016ರ ಬಜೆಟ್, 50 ಲಕ್ಷ ರೂಪಾಯಿವರೆಗೆ ಗಳಿಸುವ ವೈದ್ಯರು, ವಕೀಲರು ಮೊದಲಾದವರಿಗೆ ಗಳಿಕೆಯ ಕನಿಷ್ಠ ಅರ್ಧವನ್ನು ವರಮಾನವೆಂದು ತೋರಿಸಿದರೆ ಸಾಕೆಂದಿತು. ಇದೂ ರಸೀದಿ ಕೇಳದ ರಿಯಾಯಿತಿಯೇ. ಆದರೆ ಒಬ್ಬನಿಗೆ ಗಳಿಕೆಯ ಅರ್ಧದಷ್ಟು, ಇನ್ನೊಬ್ಬನಿಗೆ ಸಂಬಳ ಎಷ್ಟೇ ಏರಿದರೂ ಒಂದೇ ಮೊತ್ತ. ನೌಕರನ ಕೊರಗು ಇರುವುದು ಇಲ್ಲಿಯೇ.