ಬಿಸಿಲಿಗೆ ಜಗ್ಗದ ಪರದೆಯ ಹುಡುಕಾಟ

ಒಮಾನಿನ ಬಂದರು ಪಟ್ಟಣ ಸೂರ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಮೊಬೈಲು ತಾನಾಗಿಯೇ ಬೆಳಕು ತಗ್ಗಿಸಿಕೊಳ್ಳುತ್ತದೆ. ಅಗ್ಗದ ಎಲ್‌ಸಿಡಿ ಪರದೆಯಾದರೆ ಕಪ್ಪು ಕಲೆ ಮೂಡುವುದೂ ಉಂಟು. ನೆರಳಿಗೆ ತಂದರೆ ಅದು ಮಾಯ. ಒಳಗಿನ ದ್ರವ ಸ್ಫಟಿಕ ತನ್ನ ಮಿತಿಗಿಂತ ಹೆಚ್ಚು ಕಾದಾಗ ಅಣುಗಳ ಸಾಲು ಚೆದರಿ, ಅದು ಬರೀ ದ್ರವವಾಗುತ್ತದೆ.

ಈ ಮಿತಿ ಮೊದಲು ಕಣ್ಣಿಗೆ ಬಿದ್ದದ್ದು 1888ರಲ್ಲಿ. ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಕಾಯಿಸುತ್ತಿದ್ದ ಕೊಲೆಸ್ಟೆರಾಲ್ ಸಂಯುಕ್ತವೊಂದು 145 ಡಿಗ್ರಿಯ ಸುಮಾರಿಗೆ ಕರಗಿ ಮಬ್ಬಾಯಿತು, 178ರ ಹೊತ್ತಿಗೆ ತಿಳಿಯಾಯಿತು. ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ಜಾರ್ಜ್ ಹೀಲ್‌ಮೈಯರ್ ತಂಡ ಇಂಥ ವಸ್ತುವಿನಿಂದ ಪರದೆ ಮಾಡಿ ತೋರಿಸಿದ್ದು 1968ರಲ್ಲಿ. ಆದರೆ ಕೋಣೆಯ ಉಷ್ಣಾಂಶದಲ್ಲಿ ಬಾಳಿಕೆ ಬರುವ ಸ್ಫಟಿಕವೇ ಇರಲಿಲ್ಲ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೇ 1970ರ ದಶಕದ ಆರಂಭದಲ್ಲಿ ಅದನ್ನು ಕೊಟ್ಟರು. ಅವರ ಪ್ರಸಿದ್ಧ ‘5ಸಿಬಿ’ ಕೂಡ 35 ಡಿಗ್ರಿಯ ಆಸುಪಾಸಿನಲ್ಲಿ ಕೈಕೊಡುತ್ತಿತ್ತು. ಸೂರ್‌ನ ಬೇಸಿಗೆಗೆ ಅದೊಂದೇ ಸಾಲದು. ಹಲವು ಸಂಯುಕ್ತಗಳನ್ನು ಬೆರೆಸಿ ಮಿತಿಯನ್ನು ಮೇಲಕ್ಕೇರಿಸಲಾಯಿತು.

ಮುಂದಿನ ತಿರುವು ಬೆಂಗಳೂರಿನದು. ಅಲ್ಲಿಯವರೆಗೆ ದ್ರವ ಸ್ಫಟಿಕವೆಂದರೆ ಕಡ್ಡಿಯಾಕಾರದ ಅಣುಗಳು. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದಿದ್ದ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಂದಿಗೆ 1977ರಲ್ಲಿ ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗುತ್ತವೆಂದು ತೋರಿಸಿದರು. ಆಗಿನ ಎಲ್‌ಸಿಡಿಯನ್ನು ಓರೆಯಾಗಿ ನೋಡಿದರೆ ಬಣ್ಣ ಕೆಡುತ್ತಿತ್ತು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಇಂಥ ಬಿಲ್ಲೆ ಅಣುಗಳ ತೆಳು ಹಾಳೆಯನ್ನು ಪರದೆಗೆ ಅಂಟಿಸಿ ಆ ದೋಷವನ್ನು ಬಹುಮಟ್ಟಿಗೆ ನೀಗಿಸಿತು. ಚಂದ್ರಶೇಖರ್ 1991ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ದ್ರವ ಸ್ಫಟಿಕ ಸಂಶೋಧನಾ ಕೇಂದ್ರ ಈಗ ನ್ಯಾನೋ ಮತ್ತು ಮೃದು ವಸ್ತುಗಳ ಕೇಂದ್ರವಾಗಿ ಬೆಳೆದಿದೆ.

ಎಲ್‌ಸಿಡಿಗೆ ಸ್ವಂತ ಬೆಳಕಿಲ್ಲ. ಹಿಂಬದಿಯ ದೀಪವೇ ಗತಿ. ಕೊಡಾಕ್‌ನ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ 1987ರಲ್ಲಿ ಪ್ರಕಟಿಸಿದ ಒಎಲ್‌ಇಡಿಯಲ್ಲಿ ಸಾವಯವ ಪದರವೇ ಹೊಳೆಯುತ್ತದೆ. ಕಪ್ಪು ಬೇಕಾದಲ್ಲಿ ಚುಕ್ಕೆ ಆರಿಹೋಗುತ್ತದೆ, ಪರದೆಯನ್ನು ಮಡಚಲೂಬಹುದು. ಆದರೆ ನೀಲಿ ಚುಕ್ಕೆಗಳು ಬೇಗ ಸವೆಯುತ್ತವೆ. ಶಾಖ ತಾಗಿದರೆ ಇನ್ನೂ ಬೇಗ.

ಈ ಕೊರತೆ ಮೈಕ್ರೊಎಲ್‌ಇಡಿಗೆ ಅಷ್ಟಾಗಿಲ್ಲ. ಅದರ ಜೀವಾಳ ಗ್ಯಾಲಿಯಂ ನೈಟ್ರೈಡ್. ಅದರಿಂದ ನೀಲಿ ಎಲ್‌ಇಡಿ ಸಾಧಿಸಿದ ಮೂವರಿಗೆ 2014ರ ನೊಬೆಲ್ ಸಂದಿತು. ತೊಡಕಿರುವುದು ಜೋಡಣೆಯಲ್ಲಿ: ಒಂದು 4ಕೆ ಟಿವಿಗೆ ಸುಮಾರು ಎರಡೂವರೆ ಕೋಟಿ ಸೂಕ್ಷ್ಮ ದೀಪಗಳನ್ನು ಕೂರಿಸಬೇಕು. ಬೆಲೆ ಸಾಮಾನ್ಯರ ಕೈಗೆಟುಕದಿರುವುದು ಇದರಿಂದಲೇ.

ಬಿಸಿಲಿನೊಡನೆ ಸೆಣಸದೆ ಅದನ್ನೇ ಬಳಸಿಕೊಂಡದ್ದು ಇ-ಕಾಗದ. ಕಪ್ಪು-ಬಿಳಿ ಕಣಗಳು ವಿದ್ಯುತ್ತಿಗೆ ತಕ್ಕಂತೆ ಮೇಲೆ ಕೆಳಗೆ ಸರಿದು ಅಕ್ಷರ ಮೂಡಿಸುತ್ತವೆ. ಬಿಸಿಲು ಜೋರಾದಷ್ಟೂ ಓದು ಸಲೀಸು.

ಬಿಸಿಲ ನಾಡಿನಲ್ಲಿ ಫೋನು ಕೊಳ್ಳುವವರು ಬಣ್ಣದ ಜಾಹೀರಾತಿಗಿಂತ ಮೊದಲು ಎರಡು ಅಂಕಿ ನೋಡಲಿ: ನಿಟ್ಸ್ ಲೆಕ್ಕದ ಹೊಳಪು, ಮತ್ತು ಕೆಲಸ ಮಾಡುವ ಗರಿಷ್ಠ ಉಷ್ಣಾಂಶ. ಐಫೋನಿಗೆ ಆಪಲ್ ಹೇಳುವ ಮಿತಿ ಇಂದಿಗೂ 35 ಡಿಗ್ರಿ.