ಸೈಕಲ್ ದಪ್ಪಗಾಯ್ತು, ಹಿಚ್ ಹಾಗೇ ಇದೆ

ಸಿಯಾಟಲ್ ಕಡೆ ಬೇಸಿಗೆ ಬಂತೂಂದ್ರೆ ಕಾರುಗಳ ಬೆನ್ನ ಮೇಲೆಲ್ಲ ಸೈಕಲ್ಲುಗಳೇ. ಇದಕ್ಕೂ ಒಂದು ಇತಿಹಾಸ ಇದೆ ಗೊತ್ತಾ?

ಲೇಕ್ ವಾಷಿಂಗ್ಟನ್ ಮೇಲಿನ 520 ತೇಲುಸೇತುವೆ 1963ರಲ್ಲಿ ತೆರೆದಾಗ ಅದರಲ್ಲಿ ಸೈಕಲ್ಲಿಗೆ ದಾರಿಯೇ ಇರಲಿಲ್ಲ. ಹೊಸ ಸೇತುವೆಯ ಸೈಕಲ್ ದಾರಿ ಪೂರ್ತಿ ತೆರೆದದ್ದು 2017ರ ಡಿಸೆಂಬರಿನಲ್ಲಿ. ಅಲ್ಲೀತನಕ ಆ ಸೇತುವೆ ದಾಟಬೇಕಾದ್ರೆ ಸೈಕಲ್ಲೇ ಇನ್ನೊಂದು ಗಾಡಿ ಹತ್ತಬೇಕಿತ್ತು! ನಮ್ಮೂರಲ್ಲಾದ್ರೆ ಬಸ್ಸಿನ ಟಾಪಿಗೆ ಹಾಕಿ ಹಗ್ಗ ಬಿಗೀತಿದ್ವಿ. ಇಲ್ಲಿ 1990ರ ದಶಕದ ಮೊದಲ ವರ್ಷಗಳಲ್ಲಿ ವುಡಿನ್‌ವಿಲ್ಲಿನ ಸ್ಪೋರ್ಟ್‌ವರ್ಕ್ಸ್ ಕಂಪನಿ ಮೆಟ್ರೋ ಬಸ್ಸುಗಳ ಮೂತಿಗೆ ಮಡಚುವ ರ‍್ಯಾಕ್ ಮಾಡಿಕೊಟ್ಟಿತು. ಅದು ಎಷ್ಟೋ ಊರುಗಳಿಗೆ ಹಬ್ಬಿತು. ಚಕ್ರಗಳನ್ನು ತಟ್ಟೆಯ ಮೇಲೆ ಕೂರಿಸುವ ಇದೇ ಉಪಾಯ ಕಾರಿನ ರ‍್ಯಾಕಿಗೂ ಬಂತು.

ಆಗಿನ ಸಾಮಾನ್ಯ ಸೈಕಲ್ಲಿನ ತೂಕ ಸುಮಾರು 15 ಕೆಜಿ. ಎಲೆಕ್ಟ್ರಿಕ್ ಸೈಕಲ್ಲಿಗೆ ಆಗ್ಡೆನ್ ಬೋಲ್ಟನ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1895ರಲ್ಲೇ ಆದರೂ, ಅದು ಮನೆಮನೆಗೆ ಬಂದದ್ದು ಲಿಥಿಯಂ ಬ್ಯಾಟರಿ ಅಗ್ಗವಾದ ಮೇಲೆ. ಸಿಯಾಟಲ್ಲಿನಲ್ಲೇ ಹೆಸರು ಮಾಡಿದ ರ‍್ಯಾಡ್ ಪವರ್‌ನ ದಪ್ಪ ಟೈರಿನ ಸೈಕಲ್ ಸುಮಾರು 70 ಪೌಂಡ್, ಅಂದ್ರೆ 32 ಕೆಜಿ!

ಈಗ ಲೆಕ್ಕ ಹಾಕಿ. ಹಿಚ್ ಹುಟ್ಟಿದ್ದು ಟ್ರೇಲರ್ ಎಳೆಯೋಕೆ. ಟ್ರೇಲರಿಗೆ ತನ್ನದೇ ಚಕ್ರ ಇರುತ್ತೆ, ಹಿಚ್ ಮೇಲೆ ಬೀಳೋದು ಸ್ವಲ್ಪ ಭಾರ ಮಾತ್ರ. ಸೈಕಲ್ ರ‍್ಯಾಕ್ ಹಾಗಲ್ಲ, ಇಡೀ ಭಾರ ಅದರಲ್ಲೇ ನೇತಾಡುತ್ತೆ. ಪ್ರತಿ ಗುಂಡಿಗೂ ಸನ್ನೆಗೋಲಿನ ಹಾಗೆ ಹಿಚ್ಚನ್ನು ಮೀಟುತ್ತೆ. ಸಣ್ಣ ಕಾರಿನ ಒಂದೂಕಾಲು ಇಂಚಿನ ಕ್ಲಾಸ್ 1 ಹಿಚ್ ತಾಳೋದು ಸಾಮಾನ್ಯವಾಗಿ 200 ಪೌಂಡ್. ಎರಡು ಸೈಕಲ್ 140, ರ‍್ಯಾಕೇ 60 ಇದ್ದರೆ... ಮುಗೀತು! ಒಂದು ತಟ್ಟೆಗೆ ಎಷ್ಟು, ಇಡೀ ರ‍್ಯಾಕಿಗೆ ಎಷ್ಟು, ಹಿಚ್ಚಿಗೆ ಎಷ್ಟು, ಕಾರಿನ ಪುಸ್ತಕದಲ್ಲಿ ಎಷ್ಟು? ಈ ನಾಲ್ಕರಲ್ಲಿ ಚಿಕ್ಕದೇ ನಿಮ್ಮ ಮಿತಿ. ಬ್ಯಾಟರಿ ತೆಗೆದು ಕಾರೊಳಗಿಟ್ಟರೆ ಮೂರು ಕೆಜಿಗಿಂತ ಹೆಚ್ಚು ಇಳಿಯುತ್ತೆ. ಭಾರದ ಸೈಕಲ್ ಕಾರಿನ ಹತ್ತಿರದ ತಟ್ಟೆಯಲ್ಲಿರಲಿ. ದಪ್ಪ ಟೈರಿಗೆ ಉದ್ದದ ಪಟ್ಟಿ ಬೇಕು. ಫ್ರೇಮ್ ಹಿಡಿದು ನೇತುಹಾಕುವ ರ‍್ಯಾಕ್ ಇವಕ್ಕೆ ಬೇಡವೇ ಬೇಡ.

ಇಷ್ಟೆಲ್ಲ ಯಾಕೆ ಅಂತೀರಾ? 2004ರ ಫೆಬ್ರವರಿಯಲ್ಲಿ ರೆಂಟನ್ ಬಳಿ 405 ಹೆದ್ದಾರಿಯಲ್ಲಿ ಮುಂದೆ ಹೋಗ್ತಿದ್ದ ಟ್ರೇಲರಿನಿಂದ ಜಾರಿದ ಒಂದು ಹಲಗೆ ಗಾಜು ಒಡೆದು ಬಂದು, 24 ವರ್ಷದ ಮರಿಯಾ ಫೆಡೆರಿಚಿ ದೃಷ್ಟಿಯನ್ನೇ ಕಳಕೊಂಡರು. 2005ರಲ್ಲಿ ವಾಷಿಂಗ್ಟನ್ ರಾಜ್ಯ 'ಮರಿಯಾ ಕಾನೂನು' ತಂದಿತು. ಸರಿಯಾಗಿ ಕಟ್ಟದ ಸಾಮಾನು ಬಿದ್ದು ಯಾರಿಗಾದರೂ ತೀವ್ರ ಗಾಯವಾದರೆ ಅದು ಈಗ ಬರೀ ದಂಡದ ಮಾತಲ್ಲ, ಅಪರಾಧ. ಅಲ್ಲಿ ಬಿದ್ದದ್ದು ಒಂದು ಹಲಗೆ. ನಮ್ಮ ಬೆನ್ನಿಗಿರೋದು 32 ಕೆಜಿ ಕಬ್ಬಿಣ, ಹಿಂದೆ ಬರ್ತಿರೋದು ಯಾರ ಮನೆ ಮಕ್ಕಳೋ.

ಹೊರಡೋ ಮುಂಚೆ ಸೈಕಲ್ ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿ. ಕಾರೂ ಜೊತೆಗೆ ಅಲ್ಲಾಡಿದರೆ ಸರಿ. ಹತ್ತು ಮೈಲಿ ಹೋದಮೇಲೆ ನಿಲ್ಲಿಸಿ ಇನ್ನೊಂದು ಸಲ ಬಿಗೀರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಹಿಚ್ ಇದ್ದಷ್ಟೇ ಸೈಕಲ್ ಹೇರಿ!