ಗಡ್ಡದ ಹೂವು, ಗಡ್ಡೆಯ ಚರಿತ್ರೆ

ಇಟಲಿಯ ಫ್ಲಾರೆನ್ಸ್ ನಗರದ ದಕ್ಷಿಣಕ್ಕಿರುವ ಕಿಯಾಂತಿ ಗುಡ್ಡಗಳಲ್ಲಿ ಮೇ ತಿಂಗಳು ಬಂತೆಂದರೆ ದ್ರಾಕ್ಷಿ, ಆಲಿವ್ ಸಾಲುಗಳ ಬದುಗಳ ಮೇಲೆ ತಿಳಿನೇರಳೆ ಬಣ್ಣದ ಐರಿಸ್ ಅರಳಿ ನಿಲ್ಲುತ್ತದೆ. ಮೂರು ಎಸಳು ಮೇಲಕ್ಕೆ ಕಮಾನಾಗಿ ಬಾಗಿರುತ್ತವೆ, ಮೂರು ಕೆಳಕ್ಕೆ ಇಳಿಬಿದ್ದಿರುತ್ತವೆ; ಇಳಿಬಿದ್ದ ಒಂದೊಂದು ಎಸಳಿನ ನಡುವೆಯೂ ರೋಮಗಳ ಒಂದು ಪಟ್ಟಿ. ಈ ಗುಂಪನ್ನು ಗಡ್ಡದ ಐರಿಸ್ ಎಂದು ಕರೆಯುವುದು ಆ ರೋಮಗಳಿಂದಾಗಿ. ಸ್ಯಾನ್ ಪೋಲೊ ಎಂಬ ಹಳ್ಳಿಯಲ್ಲಿ ಇದರ ಹೆಸರಿನಲ್ಲಿ ಹಬ್ಬವೂ ನಡೆಯುತ್ತದೆ. ಆದರೆ ಬದುಗಳ ಮೇಲೆ ಇದನ್ನು ನೆಟ್ಟ ರೈತರಿಗೆ ಹೂವಿನಿಂದ ಬಿಡಿಗಾಸೂ ಹುಟ್ಟುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ನೆಲಕ್ಕೆ ಅಂಟಿಕೊಂಡು ಬೆಳೆಯುವ ಗಡ್ಡೆ. ತೋಟಗಾರಿಕೆಯ ಪುಸ್ತಕಗಳು ಈ ಗಿಡದ ಕಥೆಯನ್ನು ಹೂವಿನ ಕಥೆಯಾಗಿ ಹೇಳುವುದೇ ರೂಢಿ: ರಾಜಲಾಂಛನ, ಚಿತ್ರಕಲೆ, ಆಮೇಲೆ ಬಗೆಬಗೆಯ ಬಣ್ಣದ ಹೊಸ ತಳಿಗಳು. ನನಗೆ ಆ ಕ್ರಮ ತಲೆಕೆಳಗಾಗಿ ಕಾಣುತ್ತದೆ. ಈ ಗಿಡ ಎಲ್ಲೆಲ್ಲಿಗೆ ಹೋಯಿತು, ಯಾರ ಕೈಯಲ್ಲಿ ಉಳಿಯಿತು, ಬಿಸಿಲು ಬೀಳುವ ತೋಟಗಳಿಗೇ ಏಕೆ ಒಗ್ಗಿಕೊಂಡಿತು ಎಂಬುದನ್ನು ತೀರ್ಮಾನಿಸಿದ್ದು ಗಡ್ಡೆಯೇ. ಹೂವು ಅದರ ಹೆಗಲೇರಿ ಬಂತು.

ಗಡ್ಡೆ ಎಂದರೂ ಅದು ಬೇರಲ್ಲ, ನಮ್ಮ ಶುಂಠಿಯಂತೆ ಅಡ್ಡಡ್ಡ ಕವಲೊಡೆಯುತ್ತ ಹರಡುವ ಕಾಂಡ. ಶುಂಠಿಯನ್ನು ಮಣ್ಣಿನೊಳಗೆ ಮುಚ್ಚುತ್ತೇವೆ, ಐರಿಸ್ ಗಡ್ಡೆಯ ಬೆನ್ನನ್ನು ಮಾತ್ರ ಬಿಸಿಲಿಗೆ ಒಡ್ಡಿಯೇ ನೆಡಬೇಕು. ನೆರಳಿನಲ್ಲಿ ಎಲೆ ಸೊಂಪಾಗಿ ಬಂದರೂ ಹೂವು ಕಡಿಮೆ; ನೀರು ನಿಂತರೆ ಗಡ್ಡೆ ಲೊಳೆಯಾಗಿ ಕೊಳೆತು ನಾರುತ್ತದೆ. ಟಸ್ಕನಿಯ ರೈತರು ಒಳ್ಳೆಯ ನೆಲವನ್ನು ಬಳ್ಳಿಗೂ ಗೋಧಿಗೂ ಬಿಟ್ಟು, ಬೇರೇನೂ ಬಾರದ ಕಲ್ಲುಬದುಗಳಲ್ಲಿ ಇದನ್ನು ಊರಿದ್ದು ಈ ಸ್ವಭಾವಕ್ಕೆ ಸರಿಯಾಗಿಯೇ ಇತ್ತು. ಎರಡು ಮೂರು ವರ್ಷ ಬಲಿತ ಮೇಲೆ ಬೇಸಿಗೆಯಲ್ಲಿ ಅಗೆದು, ಮುಂದಿನ ಬೆಳೆಗೆ ಎಲೆಯಿರುವ ತುದಿಯನ್ನು ಕತ್ತರಿಸಿಟ್ಟುಕೊಂಡು, ಉಳಿದದ್ದನ್ನು ಸಣ್ಣ ಬಾಗುಗತ್ತಿಯಿಂದ ಒಂದೊಂದಾಗಿ ಕೈಯಲ್ಲೇ ಹೆರೆಯುತ್ತಿದ್ದರು. ಕಂದು ಸಿಪ್ಪೆ ಹೋದಾಗ ಒಳಗಿನದು ದಂತದಂತೆ ಬೆಳ್ಳಗೆ. ವಿಚಿತ್ರವೆಂದರೆ ಆಗ ಅದಕ್ಕೆ ಹೇಳಿಕೊಳ್ಳುವಂಥ ಪರಿಮಳವೇ ಇರುವುದಿಲ್ಲ. ಬಿಸಿಲಿನಲ್ಲಿ ಒಣಗಿಸಿ, ಗೋದಾಮಿನಲ್ಲಿ ಮೂರು ವರ್ಷವೋ ಅದಕ್ಕೂ ಹೆಚ್ಚೋ ಇಟ್ಟಾಗ, ಒಳಗಿನ ಇರಿಡಾಲ್ ಎಂಬ ಪದಾರ್ಥಗಳು ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ಬೆರೆತು, ಒಡೆದು, ಐರೋನ್‌ಗಳಾಗುತ್ತವೆ. ವಯೊಲೆಟ್ ಹೂವಿನ ವಾಸನೆಯನ್ನು ಕೊಡುವುದು ಈ ಐರೋನ್. 1893ರಲ್ಲಿ ಜರ್ಮನ್ ರಸಾಯನವಿಜ್ಞಾನಿಗಳಾದ ಟೀಮನ್ ಮತ್ತು ಕ್ರ್ಯೂಗರ್ ಅದರ ಗುಟ್ಟು ಹುಡುಕಲು ಹೊರಟು, ಅದರ ಸೋದರನೆನ್ನಬಹುದಾದ ಅಯೊನೋನ್ ಎಂಬ ಕೃತಕ ಸುಗಂಧವನ್ನು ತಯಾರಿಸಿದರು. ವಯೊಲೆಟ್‌ನ ವಾಸನೆ ಅಗ್ಗವಾಯಿತು, ಆದರೂ ಗಡ್ಡೆಯ ಬೇಡಿಕೆ ಸಾಯಲಿಲ್ಲ. ಸುಗಂಧದ ಪುಡಿ, ಬಟ್ಟೆ ಪೆಟ್ಟಿಗೆಗೆ ಹಾಕುವ ಚೀಲ, ಹಲ್ಲು ಮೂಡುವ ಮಕ್ಕಳಿಗೆ ಕಚ್ಚಲು ಕೊಡುವ ತುಂಡು, ಜಿನ್ ಮದ್ಯ: ಇವುಗಳಿಗೆಲ್ಲ ಹೋದದ್ದು ಈ ಗಡ್ಡೆಯೇ. ನಮ್ಮ ಯುನಾನಿ ಹಕೀಮರ ಔಷಧಿಗಳಲ್ಲಿ ‘ಈರ್ಸಾ’ ಎಂಬ ಹೆಸರಿನಲ್ಲಿ ಬರುವುದೂ ಐರಿಸ್ ಗಡ್ಡೆಯೇ ಹೊರತು ಹೂವಲ್ಲ. ಈ ವ್ಯಾಪಾರ ಹೊಸದೂ ಅಲ್ಲ. ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಇಲ್ಲಿರಿಯ ಮತ್ತು ಮ್ಯಾಸಿಡೋನಿಯದ ಗಡ್ಡೆ ಉತ್ತಮವೆಂದು ದರ್ಜೆ ಹಚ್ಚಿಟ್ಟಿದ್ದ. ಊರಿನ ಹೆಸರು ಹೇಳಿ ದರ್ಜೆ ಕಟ್ಟುವುದು ಸಂತೆಗೆ ಬರುವ ಸರಕಿಗೆ.

ಗಡ್ಡೆಯ ಪರವಾಗಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಗಿಡದ ಮೈಯಲ್ಲೇ ಇದೆ. ಹಳೆಯ ತೋಟಗಳಲ್ಲಿ ಅತಿ ಸಾಮಾನ್ಯವಾದ ಐರಿಸ್ ಜರ್ಮಾನಿಕಾ, ಬಿಳಿ ಹೂವಿನ ಐರಿಸ್ ಆಲ್ಬಿಕಾನ್ಸ್, ಫ್ಲಾರೆನ್ಸಿನ ಹೆಸರು ಹೊತ್ತ ಫ್ಲೊರೆಂಟಿನಾ, ಈ ಮೂರರಲ್ಲೂ ಇರುವುದು 44 ವರ್ಣತಂತುಗಳು. ಇವು ಸಂಕರದಿಂದ ಹುಟ್ಟಿದ ಗಿಡಗಳು, ಬೀಜ ಕಟ್ಟುವುದರಲ್ಲಿ ತೀರ ಬಡವು. ಆಲ್ಬಿಕಾನ್ಸ್ ಅಂತೂ ಬಂಜೆಯೇ. ಅದರ ತವರು ಯೆಮನ್ ಮತ್ತು ಸೌದಿ ಅರೇಬಿಯ. ಆದರೆ ಅದು ಮೆಡಿಟರೇನಿಯನ್ ತೀರದುದ್ದಕ್ಕೂ ಹಬ್ಬಿ ಸ್ಪೇನಿನವರೆಗೆ ಹೋಗಿದೆ. ಬೀಜವಿಲ್ಲದ ಗಿಡವನ್ನು ಹಕ್ಕಿಯಾಗಲಿ ಗಾಳಿಯಾಗಲಿ ಅಷ್ಟು ದೂರ ಒಯ್ಯಲಾರವು. ಒಬ್ಬರಲ್ಲ ಒಬ್ಬರು ಗಡ್ಡೆಯನ್ನು ಮುರಿದು, ಮೂಟೆಯಲ್ಲಿ ಹಾಕಿಕೊಂಡು ಹೋಗಿರಲೇಬೇಕು. ಮುಸ್ಲಿಮರು ಅದನ್ನು ಸಮಾಧಿಗಳ ಮೇಲೆ ನೆಟ್ಟರು, ಅವರು ಹೋದಲ್ಲೆಲ್ಲ ಅದೂ ಹೋಯಿತು. ಕಾಶ್ಮೀರದ ಖಬರಸ್ತಾನಗಳಲ್ಲಿ ಇಂದಿಗೂ ವಸಂತದಲ್ಲಿ ಐರಿಸ್ ಸಾಲುಗಟ್ಟಿ ಅರಳುತ್ತದೆ. ಅಲ್ಲಿನ ಹಳೆಯ ಮನೆ ಮತ್ತು ಮಸೀದಿಗಳ ಮಣ್ಣಿನ ಮಾಡಿನ ಮೇಲೂ ಅದನ್ನು ನೆಡುತ್ತಿದ್ದರು: ಭೂರ್ಜದ ತೊಗಟೆ ಹಾಸಿ ಮೇಲೆ ಮಣ್ಣು ಹೊದಿಸಿದ ಮಾಡಿನಲ್ಲಿ ಮಣ್ಣು ಕೊಚ್ಚಿಹೋಗದಂತೆ ಗಡ್ಡೆ ಮತ್ತು ಬೇರುಗಳು ಹಿಡಿದುಕೊಳ್ಳುತ್ತಿದ್ದವು. ಸಮಾಧಿಗೂ ಮಾಡಿಗೂ ದಿನಾ ನೀರು ಹೊಯ್ಯುವವರು ಯಾರು? ಯಾರೂ ನೋಡಿಕೊಳ್ಳದಿದ್ದರೂ ಬದುಕುವ ಗಿಡ ಮಾತ್ರ ಅಲ್ಲಿ ನಿಲ್ಲಬಲ್ಲದು.

ಇಲ್ಲಿ ಒಂದು ಆಕ್ಷೇಪಣೆ ಸಹಜ. ಸಮಾಧಿಯ ಮೇಲೆ ಹೂವಿಗಾಗಿ ತಾನೇ ನೆಟ್ಟದ್ದು? ಫ್ಲಾರೆನ್ಸಿನ ಲಾಂಛನವೂ ಹೂವೇ: ಬಿಳಿಯಾಗಿದ್ದದ್ದು 1251ರಲ್ಲಿ, ಗ್ವೆಲ್ಫ್ ಪಕ್ಷದ ಕೈ ಮೇಲಾದಾಗ, ಬಿಳಿಯ ನೆಲದ ಮೇಲೆ ಕೆಂಪಾಯಿತು. ವ್ಯಾನ್ ಗೋ 1889ರ ಮೇ ತಿಂಗಳಲ್ಲಿ ಸ್ಯಾನ್ ರೆಮಿಯ ಆಸ್ಪತ್ರೆಯ ತೋಟದಲ್ಲಿ ಬರೆದದ್ದೂ ಹೂವನ್ನೇ. ಇವುಗಳನ್ನೆಲ್ಲ ತಳ್ಳಿಹಾಕುವ ಅಗತ್ಯವಿಲ್ಲ. ಜನ ಹೂವನ್ನು ಮೆಚ್ಚಿದರು, ನಿಜ. ಆದರೆ ಮೆಚ್ಚಿಕೆ ಒಂದು ಗಿಡವನ್ನು ಸಾವಿರ ಮೈಲಿ ದಾಟಿಸುವುದಿಲ್ಲ. ಲಾಂಛನಕ್ಕೆ ಗಿಡವೇ ಬೇಡ, ಕಲ್ಲಿನಲ್ಲಿ ಕೆತ್ತಿದರೆ ಆಯಿತು. ಚಿತ್ರಕಾರನಿಗೆ ಎದುರಿಗೆ ಆಗಲೇ ಬೆಳೆದುನಿಂತ ಗಿಡ ಬೇಕು. ಟಸ್ಕನಿಯ ಬದುಗಳಲ್ಲಿ ಬೆಳೆಯುವ ಐರಿಸ್ ಪ್ಯಾಲಿಡಾ ಕೂಡ ಅಡ್ರಿಯಾಟಿಕ್‌ನ ಆಚೆ ದಡದ ಡಾಲ್ಮೇಷಿಯದ್ದು; ಅಲ್ಲಿಂದ ಬಂದ ಅದನ್ನು ಈ ರೈತರು ಉಳಿಸಿಕೊಂಡದ್ದು ಗಡ್ಡೆಗಾಗಿ, ಹೂವಿಗಾಗಿ ಅಲ್ಲ.

ಎರಡನೆಯ ಆಕ್ಷೇಪಣೆ ಇನ್ನೂ ಬಲವಾದದ್ದು. ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ತಳಿಗಾರರು ಹೂವನ್ನೇ ನೋಡಿ ಆರಿಸಿದ್ದಾರೆ, ಗಡ್ಡೆಯನ್ನು ಯಾರೂ ಮೂಸಿಲ್ಲ. ಸರಿ, ಆ ಕಾಲದ ಪುರಾವೆಯನ್ನೇ ನೋಡೋಣ. 1840ರ ದಶಕದಲ್ಲಿ ಪ್ಯಾರಿಸ್ ಬಳಿಯ ಲೆಮೊನ್ ಎಂಬ ಸಸಿಗಾರ ಬೀಜದಿಂದ ಎಬ್ಬಿಸಿದ ಗಿಡಗಳಿಗೆ ಹೆಸರಿಟ್ಟು ಮಾರಲು ತೊಡಗಿದ. ಅವನ 1844ರ ‘ಮದಾಮ್ ಶೆರೊ’, ಬಿಳಿಯ ಎಸಳಿಗೆ ನೀಲಿ ಅಂಚು ಹೊಲಿದಂತಿರುವ ಹೂವು, ಇಂದಿಗೂ ತೋಟಗಳಲ್ಲಿದೆ. ಬೀಜ ಹಾಕಿದರೆ ಅದು ತಾಯಿಯಂತೆ ಬರುವುದಿಲ್ಲ. ಈಗಿರುವ ಪ್ರತಿಯೊಂದು ಶೆರೊ ಗಿಡವೂ ಲೆಮೊನ್‌ನ ಆ ಒಂದೇ ಸಸಿಯ ಗಡ್ಡೆಯಿಂದ ಮುರಿದ ತುಂಡಿನ ತುಂಡು. ಕೇಂಬ್ರಿಜ್‌ನಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮೈಕೆಲ್ ಫಾಸ್ಟರ್ ವಿಷಯ ಇನ್ನೂ ಸ್ಪಷ್ಟ. ಅವರು ಗ್ರೇಟ್ ಶೆಲ್ಫರ್ಡ್‌ನ ಸುಣ್ಣಕಲ್ಲಿನ ಗುಡ್ಡದ ಮೇಲೆ ಐರಿಸ್ ಬೆಳೆದರು, ಪಶ್ಚಿಮ ಏಷ್ಯದಲ್ಲಿದ್ದ ಮಿಷನರಿಗಳಿಗೆ ಪತ್ರ ಬರೆದು ಗಿಡ ತರಿಸಿಕೊಂಡರು. ತುರ್ಕಿಯ ಅಮಾಸ್ಯದಿಂದ ಬಂದದ್ದಕ್ಕೆ ‘ಅಮಾಸ್’ ಎಂದು ಹೆಸರಾಯಿತು. ಯುರೋಪಿನ ತೋಟದ ಹಳೆಯ ಎತ್ತರದ ಐರಿಸ್‌ಗಳಲ್ಲಿ ಬಹುಪಾಲು 24 ವರ್ಣತಂತುಗಳವು. ಅಮಾಸ್ ಮತ್ತು ಅದರ ನೆಂಟರು 48ರವು, ಹೂವೂ ದೊಡ್ಡದು. ಫಾಸ್ಟರ್‌ಗೆ ಈ ಲೆಕ್ಕ ತಿಳಿದಿರಲಿಲ್ಲ, ದೊಡ್ಡ ಹೂವನ್ನು ಕಂಡು ಸಂಕರ ಮಾಡಿದರು. ಇಂದಿನ ಎತ್ತರದ ಐರಿಸ್‌ಗಳ ಬಹುದೊಡ್ಡ ಸಂತತಿ ಹುಟ್ಟಿದ್ದು ಅಂಥ ಸಂಕರಗಳಿಂದ. 1907ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಟಿಪ್ಪಣಿಗಳು ಡಬ್ಲ್ಯು. ಆರ್. ಡೈಕ್ಸ್ ಎಂಬ ಶಾಲಾಮಾಸ್ತರರ ಕೈ ಸೇರಿ, ಐರಿಸ್ ಕುರಿತು ಡೈಕ್ಸ್ ಬರೆದ 1913ರ ಬೃಹತ್ ಗ್ರಂಥಕ್ಕೆ ಆಧಾರವಾದವು. ತಳಿಗಾರರ ಕಣ್ಣಿಗೆ ಇಲ್ಲಿ ಪೂರ್ತಿ ಮಾನ್ಯತೆ ಸಲ್ಲಲೇಬೇಕು. ಆದರೆ ಅನಟೋಲಿಯದ ಒಳನಾಡಿನಿಂದ ಇಂಗ್ಲೆಂಡಿಗೆ, ವಾರಗಟ್ಟಲೆ ಮಣ್ಣೂ ನೀರೂ ಇಲ್ಲದೆ ಪೊಟ್ಟಣದೊಳಗೆ ಜೀವ ಹಿಡಿದುಕೊಂಡು ಬಂದದ್ದು ಯಾವುದು? ಆ ತಾಳಿಕೆ ಇಲ್ಲದಿದ್ದರೆ ಫಾಸ್ಟರ್ ಕೈಗೆ ಅಮಾಸ್ ಸಿಗುತ್ತಲೇ ಇರಲಿಲ್ಲ. 1920ರಲ್ಲಿ ಅಮೆರಿಕದಲ್ಲಿ ಐರಿಸ್ ಸಂಘ ಹುಟ್ಟಿದ ಮೇಲೆ ಬೆಳೆದ ಅಂಚೆ ವ್ಯಾಪಾರವೂ ಇದರ ಮೇಲೆಯೇ ನಿಂತಿತು. ಬೇಸಿಗೆಯಲ್ಲಿ ಅಗೆದು, ಎಲೆಯನ್ನು ಬೀಸಣಿಗೆಯಂತೆ ಕತ್ತರಿಸಿ, ಬರಿಗಡ್ಡೆಯನ್ನು ಡಬ್ಬಿಯಲ್ಲಿ ಹಾಕಿ ಕಳಿಸುತ್ತಾರೆ. ಅಲ್ಲಿನ ಪ್ರಸಿದ್ಧ ಶ್ರೈನರ್ ಕುಟುಂಬ 1947ರಲ್ಲಿ ಮಿನೆಸೋಟದಿಂದ ಆರೆಗನ್‌ನ ವಿಲ್ಲಾಮೆಟ್ ಕಣಿವೆಗೆ ತನ್ನ ತೋಟವನ್ನು ಸಾಗಿಸಿತು. ಒಣ ಬೇಸಿಗೆ ಅಲ್ಲಿ ಖಾತ್ರಿ. ನಮ್ಮ ಬೆಂಗಳೂರು, ಮಲೆನಾಡುಗಳಲ್ಲಿ ಈ ಗಿಡ ಮನೆಮಾತಾಗದಿರುವುದೂ ಇದೇ ಕಾರಣದ ಇನ್ನೊಂದು ಮುಖ ಎನ್ನಬಹುದು: ಚಳಿಗಾಲದ ಕೊರೆತ ಸಾಲದು, ಗಡ್ಡೆ ಒಣಗಬೇಕಾದ ಜೂನ್–ಸೆಪ್ಟೆಂಬರ್‌ನಲ್ಲೇ ಮಳೆ.

ಹಾಗಾದರೆ ಟುಲಿಪ್ ಕೂಡ ಒಣಗಿಸಿಟ್ಟು ಸಾಗಿಸುವ ಗಡ್ಡೆಯೇ ಅಲ್ಲವೆ, ಐರಿಸ್‌ಗೆ ಮಾತ್ರ ಏನು ವಿಶೇಷ ಎಂದು ಕೇಳಿದರೆ, ಉತ್ತರ ಐರಿಸ್‌ನ ಕುಟುಂಬದಲ್ಲೇ ಸಿಗುತ್ತದೆ. ಗಡ್ಡವಿರುವ ಐರಿಸ್‌ಗಳಲ್ಲೇ ಆಂಕೊಸೈಕ್ಲಸ್ ಎಂಬ ಇನ್ನೊಂದು ಪಂಗಡವಿದೆ. ಲೆಬನಾನ್, ಸಿರಿಯ, ಜೋರ್ಡಾನ್ ಕಡೆಯ ಬರಡು ಗುಡ್ಡಗಳ ಈ ಗಿಡಗಳ ಹೂವು ಬೊಗಸೆ ತುಂಬುವಷ್ಟು ದೊಡ್ಡದು, ಎಸಳಿನ ತುಂಬ ಕಪ್ಪು ಚುಕ್ಕೆ, ನರ. ಹೂವು ಒಂದೇ ಮಾನದಂಡವಾಗಿದ್ದರೆ ಲೋಕದ ತೋಟಗಳನ್ನೆಲ್ಲ ಇವೇ ಆಳಬೇಕಿತ್ತು. ಮೆಚ್ಚಿದವರಿಗೂ ಕೊರತೆಯಿರಲಿಲ್ಲ. ಕ್ರಿ.ಪೂ. ಹದಿನೈದನೆಯ ಶತಮಾನದ ಈಜಿಪ್ಟಿನ ದೊರೆ ಮೂರನೆಯ ಥುಟ್‌ಮೋಸ್ ಸಿರಿಯದ ದಂಡಯಾತ್ರೆಯಲ್ಲಿ ಕಂಡ ಗಿಡಗಳನ್ನು ಕಾರ್ನಕ್ ದೇವಾಲಯದ ಗೋಡೆಗಳಲ್ಲಿ ಕೆತ್ತಿಸಿದ; ಅವುಗಳಲ್ಲಿ ಒಂದನ್ನು ಈ ಪಂಗಡದ ಐರಿಸ್ ಎಂದು ಗುರುತಿಸಿದ್ದಾರೆ. ಇದೇ ಪಂಗಡದ ಬೂದಿಬಣ್ಣದ ಸೂಸಿಯಾನಾ ಹದಿನಾರನೆಯ ಶತಮಾನದಲ್ಲೇ ಕಾನ್‌ಸ್ಟಾಂಟಿನೋಪಲ್‌ನಿಂದ ಯುರೋಪಿಗೆ ಬಂದು ಸಸ್ಯಪ್ರಿಯರನ್ನು ಬೆರಗಾಗಿಸಿತು. ಫಾಸ್ಟರ್‌ಗಂತೂ ಇವುಗಳ ಹುಚ್ಚೇ ಇತ್ತು. ಆದರೆ ಬೇಸಿಗೆಯಲ್ಲಿ ಎರಡು ಮಳೆ ಬಿದ್ದರೆ ಇವುಗಳ ಗಡ್ಡೆ ಕೊಳೆಯುತ್ತದೆ. ಗಾಜಿನ ಮುಚ್ಚಳ ಹೊದಿಸಿ ಒಣಗಿಸಿಡುವ ತಾಳ್ಮೆಯುಳ್ಳ ಕೆಲವರ ಬಳಿ ಮಾತ್ರ ಉಳಿದವು. ಅದೇ ಕಾಲದಲ್ಲಿ ಜರ್ಮಾನಿಕಾದ ಸಾಧಾರಣ ಹೂವು ರೈಲುದಾರಿಯ ದಿಬ್ಬಗಳಿಗೂ ಪಾಳುಬಿದ್ದ ಮನೆಗಳ ಅಂಗಳಗಳಿಗೂ ಹಬ್ಬುತ್ತಿತ್ತು. ಇಂದಿನ ತಳಿಗಾರರು ಇವೆರಡನ್ನೂ ಕೂಡಿಸಿ, ಆಂಕೊಸೈಕ್ಲಸ್‌ನ ಹೂವನ್ನು ಜಗ್ಗದ ಗಡ್ಡೆಯ ಮೇಲೆ ತರಲು ಶ್ರಮಪಡುತ್ತಿದ್ದಾರೆ, ಸಾಕಷ್ಟು ಗೆದ್ದೂ ಇದ್ದಾರೆ. ಅಂಥ ಸಂಕರ ಗಿಡಗಳನ್ನು ಮಾರುವವರು ಪಟ್ಟಿಯಲ್ಲಿ ಬಣ್ಣದ ವರ್ಣನೆಯ ಜೊತೆಗೆ, ಗಿಡದಲ್ಲಿ ಆಂಕೊಸೈಕ್ಲಸ್ ರಕ್ತ ಎಷ್ಟು ಪಾಲು ಇದೆ ಎಂಬುದನ್ನೂ ನಮೂದಿಸುತ್ತಾರೆ. ಪಾಲು ಹೆಚ್ಚಿದಷ್ಟೂ ಹೂವಿನ ಬೆಡಗು ಹೆಚ್ಚು, ಒದ್ದೆ ನೆಲದಲ್ಲಿ ಗಡ್ಡೆ ಉಳಿಯುವ ಭರವಸೆ ಕಡಿಮೆ.